ದೊಡ್ಡಕಣ್ಣು ತಂಗಿಗೆ

ಅಪ್ಪನ ಕೊನೆಯ ಮಾತನ್ನು ನಾನು ತಿರುಚಿ ಹೇಳಿದೆ. ಮರೆತು ಅಲ್ಲ, ತಪ್ಪಾಗಿ ಕೇಳಿಸಿಕೊಂಡೂ ಅಲ್ಲ — ಬೇಕೆಂದೇ. ನನ್ನ ತಂಗಿ ಹುಲಿಗೆಮ್ಮ ಆ ಸುಳ್ಳನ್ನು ಅಪ್ಪನ ಮಾತೆಂದು ನಂಬಿ ಇಪ್ಪತ್ತೆರಡು ವರ್ಷ ಬದುಕಿದಳು.

ಇದನ್ನು ಹೇಳುವಾಗ ಅಳುಮುಖ ಹಾಕಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಸುಖವಾಗಿದ್ದೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ಮುಂದಿನ ಕೋಣೆಯಲ್ಲಿ ಎರಡು ಮಷಿನ್, ಹಿಂದೆ ಸಂಸಾರ. ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ. ತಂಗಿಯೂ ಕುರುಗೋಡಿನಲ್ಲಿ ಗಂಡ, ಮಗಳು, ನಾಲ್ಕು ಎಮ್ಮೆಗಳ ಜೊತೆ ನಗುನಗುತ್ತಲೇ ಇದ್ದಾಳೆ. ಯಾರ ಬದುಕೂ ಹಾಳಾಗಲಿಲ್ಲ, ಆದರೂ — ಆ 'ಆದರೂ' ಏನೆಂದು ಬರೆಯಲು ಕೂತಿದ್ದೇನೆ.

ನಾವು ಕೆಂಚನಗುಡ್ಡದ ಹೊಳೆದಂಡೆಯವರು. ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ಇಳಿಸಿ ಮೀನು ಹಿಡಿದು ಸಿರುಗುಪ್ಪದಲ್ಲಿ ಮಾರುತ್ತಿದ್ದ. ಬಲೆಯ ಒಂದೊಂದು ಕಿಂಡಿಗೂ ನಮ್ಮ ಮನೆಯಲ್ಲಿ ಕಣ್ಣು ಎನ್ನುತ್ತಿದ್ದೆವು. ಸಣ್ಣ ಕಿಂಡಿಯ ಬಲೆ ಸಣ್ಣಕಣ್ಣು, ಅಂಗೈ ತೂರುವಷ್ಟು ಕಿಂಡಿಯದು ದೊಡ್ಡಕಣ್ಣು. ಊರ ಕೆಳಗೆ ಒಂದು ಮಡುವಿತ್ತು, ಬೇಸಿಗೆಯಲ್ಲೂ ನೀರು ಆರದ ಆಳದ ಜಾಗ. ಅಲ್ಲಿ ದೊಡ್ಡಕಣ್ಣು ಬಿಟ್ಟು ಬೇರೆ ಬಲೆ ಬಿಡಬಾರದೆಂದು ಹಿರಿಯರ ಕಟ್ಟಳೆ. ಮರಿಗಳು ತೂರಿ ಹೋಗಬೇಕು, ಬಲಿತದ್ದು ಮಾತ್ರ ಸಿಗಬೇಕು. ಅಂಥ ಬಲೆ ಆಗಲೇ ನಮ್ಮ ಮನೆಯಲ್ಲೊಂದೇ ಉಳಿದಿತ್ತು. ಅದು ಯಾರ ಕೈಯಲ್ಲೋ ಮಡು ಅವರದು.

ನನಗೆ ನೀರೆಂದರೆ ಭಯ. ಹರಿಗೋಲು ಗಿರಗಿರ ತಿರುಗಿದರೆ ಕಣ್ಣು ಮುಚ್ಚಿ ಅಂಚು ಹಿಡಿದುಕೊಳ್ಳುತ್ತಿದ್ದೆ. ಒಮ್ಮೆ ಸುಳಿಯ ಅಂಚಿಗೆ ಹೋದಾಗ ನಾನು ಅಪ್ಪನ ಕಾಲು ಹಿಡಿದುಕೊಂಡು ಕಿರುಚಿದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ನಗುತ್ತಾ ಹುಟ್ಟು ಹಾಕಿದಳು. ಆಗ ಅಪ್ಪ ಅವಳನ್ನು ನೋಡಿದ ನೋಟ... ನನ್ನನ್ನು ಅವನು ಹಾಗೆ ಯಾವತ್ತೂ ನೋಡಲಿಲ್ಲ. ಹದಿನಾರಕ್ಕೆಲ್ಲ ಅವಳು ಒಬ್ಬಳೇ ಮಡುವಿಗೆ ಹೋಗುತ್ತಿದ್ದಳು. ನಾನು ಬಳ್ಳಾರಿಗೆ ಹೋಗಿ ಹೊಲಿಗೆ ಕಲಿತೆ.

ಅಪ್ಪ ಜ್ವರ ಹಿಡಿದು ಮಲಗಿದ್ದ ಕೊನೆಯ ಮಧ್ಯಾಹ್ನ ಪಕ್ಕದಲ್ಲಿದ್ದದ್ದು ಬಳ್ಳಾರಿಯಿಂದ ಬಂದಿದ್ದ ನಾನೊಬ್ಬನೇ. ಅವ್ವ ಮೊದಲೇ ತೀರಿಕೊಂಡಿದ್ದಳು. ತಂಗಿ ಬಲೆ ಎತ್ತಲು ಹೊಳೆಗೆ ಹೋಗಿದ್ದಳು. ಅಪ್ಪ ಸ್ಪಷ್ಟವಾಗಿ, ಊಟಕ್ಕೆ ಕರೆದಷ್ಟು ಸಹಜವಾಗಿ ಹೇಳಿದ:

"ದೊಡ್ಡಕಣ್ಣು ತಂಗೀಗಿ ಕೊಡಲೇ. ಆಕಿ ಕೈಗಿ ನೀರು ಗೊತ್ತೈತಿ."

ಸಂಜೆಗೆ ಹೋಗಿಬಿಟ್ಟ.

ಅಪ್ಪನ ದಿನಕರ್ಮ ಮುಗಿದ ಮೇಲೆ ಐದು ಜನ ಹಿರಿಯರು ಅಂಗಳದಲ್ಲಿ ಕೂತರು. ಸತ್ತವನ ಬಲೆ, ಹರಿಗೋಲು ಯಾರಿಗೆಂದು ಗೊತ್ತುಮಾಡುವುದು ರೂಢಿ. ಸತ್ತವನು ಬಾಯಿಬಿಟ್ಟು ಹೇಳಿದ್ದರೆ ಅದರ ಮೇಲೆ ಮಾತಿಲ್ಲ. ದೊಡ್ಡಪ್ಪ ಕೇಳಿದ: "ನಿಮ್ಮಪ್ಪ ಕಡೀಕ ಏನಾರ ಅಂದನೇನಪಾ?"

ತಂಗಿ ಬಾಗಿಲಲ್ಲಿ ನಿಂತಿದ್ದಳು.

"ತಂಗಿ ಮ್ಯಾಲ ಕಣ್ಣಿಡು ಅಂದ," ಎಂದೆ. "ಆಕಿಗಿ ಇನ್ನ ಹೊಳಿ ಬ್ಯಾಡ ಅಂದ."

ಕಣ್ಣು ಎಂಬ ಮಾತನ್ನು ಮಾತ್ರ ಉಳಿಸಿಕೊಂಡೆ. ಪೂರ್ತಿ ಸುಳ್ಳಲ್ಲವೆಂದು ಮುಂದೆ ನನಗೆ ನಾನೇ ಹೇಳಿಕೊಳ್ಳಲು ಇರಲಿ ಎಂದೇನೋ — ದರ್ಜಿಯ ಬುದ್ಧಿ, ಬಟ್ಟೆ ಅಪ್ಪನದು, ಕತ್ತರಿ ನನ್ನದು. ಹಿರಿಯರು ತಲೆಯಾಡಿಸಿದರು. ಬಲೆ ನನಗೆ ಬಂತು. ತಂಗಿ ಬಾಗಿಲಿನಿಂದ ಒಳಗೆ ಹೋದಳು. ಆಮೇಲೆ ಒಲೆಯ ಮುಂದೆ ಕೂತು ಒಮ್ಮೆ ಮಾತ್ರ ಕೇಳಿದಳು:

"ಅಪ್ಪಗ ನನ್ನ ಕೈ ಮ್ಯಾಲ ನಂಬಿಕಿ ಇರಲಿಲ್ಲೇನಣ್ಣ?"

ನಾನು ತಟ್ಟೆ ಮುಂದಕ್ಕೆ ತಳ್ಳಿ, "ಸಾರು ಹಾಕು" ಎಂದೆ.

ಯಾಕೆ ಹಾಗೆ ಮಾಡಿದೆ? ಬಹಳ ವರ್ಷ ಮರ್ಯಾದೆ ಎಂದುಕೊಂಡಿದ್ದೆ — ವಯಸ್ಸಿಗೆ ಬಂದ ಹುಡುಗಿ, ಒಬ್ಬಳೇ ಹೊಳೆಯಲ್ಲಿ, ಜನ ಏನೆಂದಾರು, ನನಗೆ ಹೆಣ್ಣು ಕೊಡುವವರು ಏನೆಂದಾರು. ಅದೆಲ್ಲ ಮೇಲಿನ ಹೊಲಿಗೆ. ಒಳಗಿದ್ದದ್ದು ಹೊಟ್ಟೆಕಿಚ್ಚು. ಸಾಯುವ ಹೊತ್ತಿನಲ್ಲೂ ಅಪ್ಪ ಹೊಗಳಿದ್ದು ಅವಳ ಕೈಯನ್ನು. ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದ ಈ ಕೈ ಅವನಿಗೆ ಕಾಣಲೇ ಇಲ್ಲವೇ ಎಂದು... ಬೇಡ, ಇದನ್ನು ಮುಂದುವರಿಸಿದರೆ ನನ್ನ ಪರ ವಕಾಲತ್ತಾಗುತ್ತದೆ.

ಮರುವರ್ಷವೇ ಅವಳನ್ನು ಕುರುಗೋಡಿಗೆ ಮದುವೆ ಮಾಡಿ ಕೊಟ್ಟೆ. ಗುಡ್ಡವಿದೆ, ಹೊಳೆಯಿಲ್ಲ. ಹರಿಗೋಲು ದಂಡೆಯಲ್ಲೇ ಒಣಗಿ ಬಿರಿಯಿತು. ದೊಡ್ಡಕಣ್ಣನ್ನು ಬಳ್ಳಾರಿಗೆ ತಂದು ಜೀನ್ಸ್ ಗಂಟುಗಳನ್ನು ಸೈಕಲ್ಲಿಗೆ ಬಿಗಿಯಲು ಬಳಸಿದೆ. ಅಪ್ಪ ವರ್ಷಗಟ್ಟಲೆ ಹೆಣೆದ ಬಲೆ, ಮೂರು ಮಳೆಗಾಲದಲ್ಲಿ ಚಿಂದಿಯಾಯಿತು. ಅತ್ತ ಮಡುವಿಗೆ ಸೊಳ್ಳೆಪರದೆಯಂಥ ನೈಲಾನ್ ಬಲೆಗಳು ಇಳಿದವು, ಮರಿಗಳೂ ಉಳಿಯಲಿಲ್ಲ. ಈಗ ಸಿರುಗುಪ್ಪದಲ್ಲಿ ಸಿಗುವ ಮೀನು ಬಹುಪಾಲು ಸಾಕಿದ್ದು, ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ತಂಗಿ ಅಲ್ಲೇ ಇದ್ದಿದ್ದರೆ ಹೊಳೆ ಉಳಿಯುತ್ತಿತ್ತು ಎನ್ನುವಷ್ಟು ದೊಡ್ಡ ಮಾತು ಆಡಲಾರೆ. ಆದರೆ ಆ ಕಟ್ಟಳೆಯನ್ನು ಎದೆಯಲ್ಲಿಟ್ಟುಕೊಂಡಿದ್ದ ಕೊನೆಯವಳನ್ನು ದಂಡೆಯಿಂದ ಎಬ್ಬಿಸಿ ಕಳಿಸಿದವನು ನಾನು.

ಕಳೆದ ತಿಂಗಳು ತಂಗಿ ಮಗಳ ಜೊತೆ ನಮ್ಮ ಮನೆಗೆ ಬಂದಿದ್ದಳು. ಬುತ್ತಿ ಬಿಚ್ಚಿ, ಎಮ್ಮೆಗಳ ಗುಣಗಾನ ಮಾಡಿ, ನನ್ನ ಬೋಳುತಲೆಯನ್ನು ಆಡಿಕೊಂಡು ನಗುತ್ತಿದ್ದಳು. ಹತ್ತೊಂಬತ್ತರ ಮಗಳು ರೇಣುಕಾ, "ಮಾವಾ, ನಾ ಬಸ್ ಓಡ್ಸೋದು ಕಲೀತೀನಿ, ಅವ್ವಗ ಹೇಳು," ಎಂದಳು. ತಂಗಿ ನಗುತ್ತಲೇ ಅಂದಳು:

"ಬ್ಯಾಡ ತಾಯಿ, ನಮ್ಮ ಕೈ ಅಂಥಾವಲ್ಲ. ನಮ್ಮಪ್ಪನೇ ನನ್ನ ಕೈ ನಂಬಲಿಲ್ಲ."

ದೂರಲಿಲ್ಲ, ನೊಂದುಕೊಳ್ಳಲಿಲ್ಲ. ಕುರುಗೋಡಿನಲ್ಲಿ ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದಳು. ನನ್ನ ಸುಳ್ಳು ಅವಳಿಗೆ ಅಷ್ಟು ಒಗ್ಗಿಹೋಗಿತ್ತು, ಈಗ ಮಗಳಿಗೂ ದಾಟುತ್ತಿತ್ತು. ನಾನು ಮಷಿನ್ ನಿಲ್ಲಿಸಿದೆ.

"ಹುಲಿಗೆಮ್ಮ, ಅಪ್ಪ ಹಂಗ ಅಂದಿದ್ದಿಲ್ಲ."

ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದು ಕಾದೆ, ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ಬಲೆ ಎಲ್ಲಿ ಎಂದೂ ಕೇಳಲಿಲ್ಲ.

"ಅಪ್ಪ ಹೆಂಗಂದ? ಇನ್ನೊಂದ್ಸಲ ಅನ್ನು."

ಅಂದೆ.

"ಇನ್ನೊಂದ್ಸಲ."

ಮೂರನೇ ಸಲವೂ ಅಂದೆ — ಆಕಿ ಕೈಗಿ ನೀರು ಗೊತ್ತೈತಿ. ತಂಗಿ ಮಗಳ ಕಡೆ ತಿರುಗಿ, "ಕೇಳಿದ್ಯಾ?" ಎಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನನ್ನ ಮುಂದ ಹೇಳಿದ್ರ ಮುಗೀತೇನಣ್ಣ? ಅವತ್ತು ಯಾರ ಮುಂದ ಅಂದ್ಯೋ, ಅವರ ಮುಂದ ಅನ್ನು."

ಅವತ್ತಿನ ಐವರಲ್ಲಿ ಉಳಿದಿರುವವನು ದೊಡ್ಡಪ್ಪ ಒಬ್ಬನೇ. ಬರುವ ಭಾನುವಾರ ಕೆಂಚನಗುಡ್ಡಕ್ಕೆ ಹೋಗುತ್ತಿದ್ದೇನೆ. ತಂಗಿ, ರೇಣುಕಾ ಕುರುಗೋಡಿನಿಂದ ಬರುತ್ತಾರೆ. ದೊಡ್ಡಪ್ಪ ಈಗ ದಿನವಿಡೀ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತಿರುತ್ತಾನೆ. ಅವನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಜೋರಾಗಿ ಹೇಳಬೇಕಾಗುತ್ತದೆ.