ಕೊಲೆಗಾತಿಯ ಹೆಸರು ಸಾರಿ ಟೆಂಟು ಉಳಿಸಿದ ಸಣ್ಣಪ್ಪನವರು

ಸಿನಿಮಾ ಎಂದರೆ ನಟರ ಹೆಸರು ಹೇಳುವವರು ಬಹಳ, ನಿರ್ದೇಶಕರ ಹೆಸರು ಹೇಳುವವರು ಕೆಲವರು; ಊರಾಚೆಯ ಬಯಲಿನಲ್ಲಿ ಕಂಬ ನೆಟ್ಟು, ಡೇರೆ ಬಿಗಿದು, ಆ ಬೆಳಕಿನ ಲೋಕವನ್ನು ಜನರ ಬಾಗಿಲಿಗೇ ತಂದವರ ಹೆಸರು ಹೇಳುವವರು ಮಾತ್ರ ವಿರಳ. ಅಂಥವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಬಹುಕಾಲ ಟೂರಿಂಗ್ ಟಾಕೀಸ್ ನಡೆಸಿ, ಈಗ ಮ್ಯಾನೇಜರ್ ಹುದ್ದೆಯಿಂದ ನಿವೃತ್ತರಾಗುತ್ತಿರುವ ಶ್ರೀ ಸಣ್ಣಪ್ಪನವರು. ಅವರ ಕೈಕೆಳಗೆ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿದವಳು ನಾನು. ಪಂಡಿತರು ಬರೆಯುವ ಈ ಅಭಿನಂದನಾ ಸಂಪುಟದಲ್ಲಿ ನನಗೂ ಜಾಗ ಸಿಕ್ಕಿದ್ದು ಅವರ ದೊಡ್ಡತನದಿಂದಲೇ.

ಸಣ್ಣಪ್ಪನವರು ಕತ್ತಲಗೆರೆಯವರು. ಟೆಂಟಿಗೆ ಗೂಟ ಬಡಿಯಲು ಬಂದು, ಪ್ರೊಜೆಕ್ಟರ್ ನಡೆಸುವುದನ್ನು ಕಲಿತು, ಎಪ್ಪತ್ತರ ದಶಕದ ಆರಂಭಕ್ಕೆ ಮ್ಯಾನೇಜರ್ ಆದರು. ನಾನು ಕೈಕೂಸನ್ನು ಎತ್ತಿಕೊಂಡು ಕೆಲಸ ಕೇಳಲು ಹೋದಾಗ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳಲಿಲ್ಲ. ಪರದೆಯ ಹಿಂದಿನ ಎರಡು ಕಂಬಗಳಿಗೆ ಹಳೆಯ ಸೀರೆಯ ಜೋಲಿ ಕಟ್ಟಿಸಿಕೊಟ್ಟರು. ನನ್ನ ಇಬ್ಬರು ಮಕ್ಕಳೂ ಎಡಬಲ ತಿರುಗಿದ ಚಿತ್ರಗಳನ್ನು ನೋಡುತ್ತ ಆ ಜೋಲಿಯಲ್ಲೇ ನಿದ್ದೆ ಹೋದವರು. ಇಂಥ ಉಪಕಾರಗಳನ್ನು ಬರೆಯುತ್ತ ಕೂತರೆ ಬೆಳಗಾದೀತು. ಆದ್ದರಿಂದ ೧೯೭೮ರ ಒಂದು ಪ್ರಸಂಗವನ್ನಷ್ಟೇ ಹೇಳುತ್ತೇನೆ.

ಆಗ ನಮ್ಮ ಟೆಂಟು ನ್ಯಾಮತಿಯಲ್ಲಿತ್ತು. ಸತತವಾಗಿ ಸೋತ ಚಿತ್ರಗಳಿಂದ ಬೇಸತ್ತ ಮಾಲೀಕರು, ಚನ್ನಗಿರಿಯ ಅಡಿಕೆ ವರ್ತಕರಾದ ಕಲ್ಲೇಶಪ್ಪನವರು, 'ಹಂಸಮಹಲಿನ ರಹಸ್ಯ' ಎಂಬ ಹೊಸ ಚಿತ್ರ ತರಿಸಿ, "ಇದೂ ಓಡದಿದ್ರೆ ಟೆಂಟು ಬಿಚ್ಚಿ ಮಾರ್ತೀನಿ, ನಿಮ್ಮ ದಾರಿ ನೀವು ನೋಡ್ಕೊಳ್ರಿ" ಎಂದುಬಿಟ್ಟರು. ನಮ್ಮೆಲ್ಲರ ಒಲೆ ಉರಿಯುವುದು ಆ ಒಂದು ಚಿತ್ರದ ಮೇಲೆ ನಿಂತಿತು. ಅಜ್ಜಂದಿರ ಕಾಲದಿಂದ ಓದಿಸಿಕೊಂಡು ಬಂದ ಪತ್ತೇದಾರಿ ಕಾದಂಬರಿಯೊಂದನ್ನು ಅದ್ದೂರಿಯಾಗಿ, ಪೂರ್ತಿ ಬಣ್ಣದಲ್ಲಿ ತೆಗೆದಿದ್ದರು. ಕನ್ನಡಿ ಹೊದಿಸಿದ ಅರಮನೆ, ಮದುವೆ ದಿಬ್ಬಣದ ಆನೆಗಳು, ಎತ್ತಿನಗಾಡಿಯಷ್ಟು ಅಗಲದ ದೀಪದ ಗೊಂಚಲು! ಜಮೀನ್ದಾರನಿಗೆ ಯಾರೋ ವಿಷ ಹಾಕಿ ಕೊಲ್ಲುತ್ತಾರೆ; ಮನೆಯವರೆಲ್ಲರ ಮೇಲೂ ಅನುಮಾನ; ಪಟ್ಟಣದಿಂದ ಪತ್ತೇದಾರ ಬರುತ್ತಾನೆ. ಗುರುವಾರ ಪ್ರಿಂಟ್ ಪರೀಕ್ಷೆಗೆಂದು ನಾವು ನೌಕರರಷ್ಟೇ ಕೂತು ನೋಡಿ ಬೆರಗಾದೆವು. ಕೊಂದವಳು ಜಮೀನ್ದಾರನ ಅಕ್ಕ, ದೇವರ ಮುಂದೆ ವೀಣೆ ನುಡಿಸುವ ಸಾಧ್ವಿ ದೊಡ್ಡತ್ತೆ!

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಪಂಚಾಕ್ಷರಪ್ಪ ಗಾಡಿಗೆ ಮೈಕು ಕಟ್ಟಿ ಪ್ರಚಾರಕ್ಕೆ ಹೊರಟ. ಆತ ದೊಡ್ಡಾಟದಲ್ಲಿ ಭೀಮನ ಪಾತ್ರ ಮಾಡಿದವನು. ಪೌರಾಣಿಕ ಚಿತ್ರಗಳಿಗೆ ಜನ ಕರೆದು ಪಳಗಿದ ಗಂಟಲು. ಸಂತೆಬೀದಿಯಲ್ಲಿ ನಿಂತು, "ಮಹಾಜನಗಳೇ! ಹಾಲಿನಲ್ಲಿ ವಿಷವಿಕ್ಕಿ ಒಡಹುಟ್ಟಿದವನನ್ನೇ ಕೊಂದ ದೊಡ್ಡತ್ತೆಯ ಘೋರ ಕೃತ್ಯ! ಇಂದೇ ನೋಡಿರಿ!" ಎಂದು ಊರಿಗೆ ಊರೇ ಕೇಳುವಂತೆ ಸಾರಿಬಿಟ್ಟ.

ಸೊಪ್ಪು ಮಾರುವ ಲಕ್ಷ್ಮಕ್ಕ ನನ್ನನ್ನು ತಡೆದು ನಿಲ್ಲಿಸಿದಳು. "ಅಲ್ವೇ ಕಸ್ತೂರವ್ವಾ, ಆ ಮುದುಕೀನೇ ಕೊಂದಿದ್ದಂತೆ? ಇನ್ನೇನು ನೋಡಾಕೆ ಬರಾಣ, ನಿಮ್ಮ ಟೆಂಟಿನ ತೂತು ಎಣಿಸಾಕಾ?"

ನಾನು ಓಡಿ ಬರುವಷ್ಟರಲ್ಲಿ ಸುದ್ದಿ ಕಲ್ಲೇಶಪ್ಪನವರಿಗೆ ಮುಟ್ಟಿತ್ತು.

"ಏನೋ ಪಂಚಾಕ್ಷರಿ, ಕೊಂದೋರು ಯಾರು ಅಂತ ಮೈಕಿನಾಗೆ ಹೇಳಿಬಿಟ್ಟೆಯಂತೆ?"

"ಕಥೆ ಹೇಳ್ಬೇಕಲ್ರೀ ಸಾವ್ಕಾರ್ರೆ. ಭೀಮ ಕೊಂದ ಅನ್ನದೆ ಕೀಚಕವಧೆಗೆ ಜನ ಕರೆಯಾಕಾಗ್ತೈತಾ?"

"ನಿನ್ನ ಭೀಮನ್ನ ಹಳ್ಳಕ್ಕೆ ಹಾಕ! ಪತ್ತೇದಾರಿ ಪಿಕ್ಚರ್‌ನಾಗೆ ಇರೋದೇ ಅದೊಂದು ಗುಟ್ಟು! ಸಣ್ಣಪ್ಪ, ಇವನನ್ನ ಇವತ್ತೇ ಮನೆಗೆ ಕಳ್ಸು. ನಾಳೆ ಟೆಂಟು ಬಿಚ್ಚು."

ಪಂಚಾಕ್ಷರಪ್ಪನ ಭೀಮಕಾಯ ಕುಗ್ಗಿ ಹಿಡಿಯಷ್ಟಾಯಿತು. ಸಣ್ಣಪ್ಪನವರು ಮಾತ್ರ ಕೈಯಲ್ಲಿದ್ದ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಸಾವ್ಕಾರ್ರೆ, ದೊಡ್ಡಾಟಕ್ಕೆ ಕೂತೋರಿಗೆ ದುರ್ಯೋಧನ ಸಾಯ್ತಾನೆ ಅಂತ ಗೊತ್ತಿಲ್ಲೇನ್ರಿ? ಗೊತ್ತಿದ್ದೂ ಯಾಕೆ ಬೆಳಗಾನ ಕೂರ್ತಾರೆ? ಗುಟ್ಟು ಹೊರಗೆ ಬಿದ್ದೈತೆ, ಇನ್ನು ಒಳಗೆ ಹಾಕಾಕೆ ಆಗಲ್ಲ. ಅದನ್ನೇ ದುಡಿಸಿಕೊಳ್ಳಾಣ. ಕೊಂದೋಳು ಯಾರು ಅಂತ ನಮ್ಮ ಜನಕ್ಕೆ ಗೊತ್ತು; ಆ ಪತ್ತೇದಾರಂಗೆ ಗೊತ್ತಿಲ್ಲ. ಪಂಚಾಕ್ಷರಪ್ಪಾ, ಹಂಗಂತ ಕೂಗು ಹೋಗು."

ಕಲ್ಲೇಶಪ್ಪನವರು "ಹಾಳಾಗಿ ಹೋಗ್ರಿ" ಎಂದು ಕುರ್ಚಿಯಲ್ಲಿ ಕುಸಿದರು. ಗಾಡಿ ಮತ್ತೆ ಸಂತೆಬೀದಿಗೆ ಹೊರಟಿತು.

"ಕೊಂದೋಳು ಯಾರು ಅಂತ ನ್ಯಾಮತಿಗೆ ಗೊತ್ತೈತೆ! ಪಟ್ಟಣದ ಪತ್ತೇದಾರಂಗೆ ಗೊತ್ತಿಲ್ಲ! ಬರ್ರಿ, ಅವನ ಫಜೀತಿ ನೋಡ್ರಿ!"

ಆ ಸಂಜೆ ಟೆಂಟಿನ ಮುಂದೆ ಸೇರಿದ ಜನಕ್ಕೆ ಹೆಂಗಸರ ಗೇಟಿನ ಬಿದಿರು ಗಳುವೇ ಮುರಿಯಿತು. ತೆರೆಯ ಮೇಲೆ ಆನೆಗಳು ನಡೆದು ಬಂದಾಗ ಬಾಯಿ ಬಿಟ್ಟುಕೊಂಡು ನೋಡಿದ ಜನ, ದೊಡ್ಡತ್ತೆ ವೀಣೆ ಹಿಡಿದು ಕಾಣಿಸಿಕೊಂಡಳೋ ಇಲ್ಲವೋ, "ಬಂದ್ಳು, ಬಂದ್ಳು ಮಾರಿ!" ಎಂದು ಭುಗಿಲೆದ್ದರು. ಅವಳ ಒಂದೊಂದು ನಮಸ್ಕಾರಕ್ಕೂ ಟೆಂಟು ನಕ್ಕಿತು. ಅವಳೇ ಪತ್ತೇದಾರನ ಮುಂದೆ ಹಾಲಿನ ಬೆಳ್ಳಿ ಲೋಟ ಇಟ್ಟಾಗಲಂತೂ ನೆಲದ ಕ್ಲಾಸಿನವರೆಲ್ಲ ಎದ್ದು ನಿಂತು, "ಏ ಅಣ್ಣಾ, ಕುಡಿಬ್ಯಾಡೋ!" ಎಂದು ಚೀರಿದರು.

ಬೈದು ಹೋಗಿದ್ದ ಲಕ್ಷ್ಮಕ್ಕನೇ ಎಲ್ಲರಿಗಿಂತ ಮುಂದೆ. "ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಹಿಂದೇನೇ ನಿಂತಾಳೆ, ತಿರುಗಿ ನೋಡೋ!"

ಪತ್ತೇದಾರ ಅದೇ ಗಳಿಗೆಗೆ ತಿರುಗಿದ. ಆಗ ಎದ್ದ ಸಿಳ್ಳೆಗೆ ಪ್ರೊಜೆಕ್ಟರಿನ ಸದ್ದೂ ಅಡಗಿತು. ಕೊನೆಗೆ ಕನ್ನಡಿಯ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಅವನು ದೊಡ್ಡತ್ತೆಯತ್ತ ಬೆರಳು ತೋರಿಸಿದಾಗ, ಊರಿನವರು ತಾವೇ ಹಿಡಿದುಕೊಟ್ಟವರಂತೆ ಬೀಗಿ ಚಪ್ಪಾಳೆ ತಟ್ಟಿದರು. ಗುಟ್ಟು ಕಾಪಾಡಿಕೊಂಡು ತೋರಿಸಿದ ಬೇರೆ ಊರುಗಳಲ್ಲಿ ಚಿತ್ರ ವಾರಕ್ಕೇ ಇಳಿದಿತ್ತು. ಒಮ್ಮೆ ಗೊತ್ತಾದ ಮೇಲೆ ಎರಡನೇ ಸಲ ಯಾರು ಬರುತ್ತಾರೆ? ನಮ್ಮಲ್ಲಿ ಮಾತ್ರ ನೋಡಿದವರೇ ನೆಂಟರನ್ನು ಕಟ್ಟಿಕೊಂಡು ಮತ್ತೆ ಬಂದರು, ಪತ್ತೇದಾರನಿಗೆ ಬುದ್ಧಿ ಹೇಳಲು!

ಎರಡನೇ ವಾರ ಕಲ್ಲೇಶಪ್ಪನವರ ಬಳಿ ಸಣ್ಣಪ್ಪನವರು ಬಹಳ ವಿನಯದಿಂದ ಕೇಳಿದರು: "ಪಂಚಾಕ್ಷರಪ್ಪನ್ನ ಮನೆಗೆ ಕಳಿಸು ಅಂದಿದ್ರಲ್ಲ, ಯಾವತ್ತು ಕಳಿಸ್ಲಿ?"

"ಯಾರು ಅಂದಿದ್ದು? ಸುಮ್ನಿರಯ್ಯ. ಆ ಮೈಕು ಗೊರಗೊರ ಅಂತೈತೆ, ಅವನಿಗೆ ಹೊಸಾದು ಕೊಡ್ಸು."

ಟೆಂಟು ಬಿಚ್ಚಿದೆವು, ಹೌದು. ಮಾರುವುದಕ್ಕಲ್ಲ, ಜಗಳೂರಿಗೆ ಒಯ್ಯುವುದಕ್ಕೆ. ಹೊಸ ಊರಿನಲ್ಲಿ ಕೊಂದವಳ ಹೆಸರು ಬಿಟ್ಟುಕೊಡಲು ಪಂಚಾಕ್ಷರಪ್ಪ ಹಿಂಜರಿದಾಗ, "ಮೊದಲು ಅದನ್ನೇ ಹೇಳು ಮಾರಾಯಾ" ಎಂದು ಹುರಿದುಂಬಿಸಿದವರೂ ಸಣ್ಣಪ್ಪನವರೇ. ಗಾಳಿ ಡೇರೆಯನ್ನು ಕಿತ್ತೆಸೆಯುವಂತೆ ಬೀಸುವ ಆ ಬಯಲಿಗೆ ಕುರಿ ಕಾಯುವವರು ಕಂಬಳಿ ಹೊದ್ದು ಬಂದು, ನ್ಯಾಮತಿಯವರಿಗಿಂತ ಒಂದು ಕೈ ಮೇಲಾಗಿ ದೊಡ್ಡತ್ತೆಯನ್ನು ಬೈದು ಹೋದರು. ಹೊನ್ನಾಳಿ ಸೀಮೆಯ ಹಳ್ಳಿಗಳು ನಮ್ಮ ಟೆಂಟಿಗಾಗಿ ಪೈಪೋಟಿಗಿಳಿದವು. ೧೯೮೩ರಲ್ಲಿ ಕಲ್ಲೇಶಪ್ಪನವರು ಚನ್ನಗಿರಿಯಲ್ಲಿ ಪಕ್ಕಾ ಟಾಕೀಸು ಕಟ್ಟಿಸಿದಾಗ ಅದರ ಬೀಗದಕೈಯನ್ನು ಪೂಜೆಯ ತಟ್ಟೆಯಲ್ಲಿಟ್ಟು ಕೊಟ್ಟದ್ದು ಸಣ್ಣಪ್ಪನವರ ಕೈಗೆ. ಗೂಟ ಬಡಿದ ಕೈ ಅದು. ಆ ದಿನ ನಾವೆಲ್ಲ ಅತ್ತೆವು.

ಈಗ ಮನೆಮನೆಗೆ ವಿಡಿಯೋ ಬರುತ್ತಿದೆ, ಸಿನಿಮಾ ಕಥೆ ಮುಗಿಯಿತು ಎನ್ನುತ್ತಾರೆ. ಮೊನ್ನೆ ಅವರನ್ನು ಕಂಡು, "ಇನ್ನು ಮನೆಯಾಗೆ ಆರಾಮಾಗಿ ಇರ್ತೀರಲ್ರೀ" ಎಂದೆ. "ಶುಕ್ರವಾರ ಹೊಸ ಪಿಕ್ಚರ್ ಬಂದ್ರೆ ಮನೆಯಾಗೆ ಹೆಂಗೆ ಕೂರಾಕಾಗ್ತೈತವ್ವಾ? ನಿನ್ನ ಗೇಟಿನಾಗೇ ಬರ್ತೀನಿ, ಟಿಕೆಟ್ ಕೇಳ್ಬ್ಯಾಡ" ಎಂದರು.

ಕೇಳುವುದಿಲ್ಲ ಸರ್. ನೂರು ತುಂಬುವ ತನಕ ಪ್ರತಿ ಶುಕ್ರವಾರವೂ ಬನ್ನಿ. ಹೊಸ ಹುಡುಗರಿಗೆ ಜನರ ನಾಡಿ ಹಿಡಿಯುವುದನ್ನು ಕಲಿಸಿ. ಬಾಗಿಲು ತೆರೆದು ನಿಂತಿರುತ್ತೇನೆ.

— ಕಸ್ತೂರಮ್ಮ, ಚನ್ನಗಿರಿ