ನೆಗ್ಗು ಮಾವ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಅಷ್ಟಕ್ಕಷ್ಟೇ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮನ್ನಿಸಿ. ಮಾವನಿಗೆ ನೆಗ್ಗು ಮಾವ ಎಂದು ಹೆಸರಿಟ್ಟವಳು ನಾನೇ. ತಮ್ಮ ಕಾರಿನ ಮೇಲೆ ಒಂದೇ ಒಂದು ನೆಗ್ಗು ಬೀಳಬಾರದೆಂದು ಅವರು ಪಾರ್ಕಿಂಗಿನಲ್ಲಿ ಎರಡು ಸುತ್ತು ಹಾಕಿ, ಹತ್ತಿರದ ಜಾಗಗಳನ್ನೆಲ್ಲ ಬಿಟ್ಟು, ಕಟ್ಟಕಡೆಯ ಗೋಡೆಯ ಪಕ್ಕ ನಿಲ್ಲಿಸುತ್ತಿದ್ದರು. ಪಕ್ಕದ ಕಾರಿನಲ್ಲಿ ಮಕ್ಕಳು ಕಂಡರೆ ಮತ್ತೆ ರಿವರ್ಸ್. ಯಾರಾದರೂ ಬಾಗಿಲಿಗೆ ಕೈ ಹಾಕಿದರೆ "ಸ್ವಲ್ಪ ನೋಡ್ಕೊಂಡು ಸ್ವಾಮಿ" ಎಂದು ಕೈಮುಗಿಯುತ್ತಿದ್ದರು. ನೋಡುವ ನಮಗೇ ಸುಸ್ತು. "ಇನ್ನೊಂದು ಚೂರು ಹಿಂದೆ ನಿಲ್ಸಿದ್ರೆ ನಮ್ಮನೇನೇ ಸಿಗ್ತಿತ್ತು ಕಣ್ರೀ" ಎಂದು ಅತ್ತೆ ಏದುಸಿರು ಬಿಡುತ್ತಾ ನಡೆಯುತ್ತಿದ್ದರು. ಈಗ ಅತ್ತೆಗೆ ಅಷ್ಟು ದೂರ ನಡೆಯಲಾಗುವುದಿಲ್ಲ, ಕೈಯೂ ನಡುಗುತ್ತದೆ. ವಾರಕ್ಕೆರಡು ಸಲ ಆಸ್ಪತ್ರೆ. ಮಾವ ಸುತ್ತು ಹಾಕುವುದನ್ನು ಬಿಟ್ಟು, ಆಸ್ಪತ್ರೆಯ ಮೆಟ್ಟಿಲ ಹತ್ತಿರದ ಇಕ್ಕಟ್ಟಿನಲ್ಲೇ ಕಂಬದ ಪಕ್ಕ ನಿಲ್ಲಿಸುತ್ತಾರೆ. ಅತ್ತೆ ತಳ್ಳಿದ ಬಾಗಿಲು ಪ್ರತಿ ಸಲವೂ ಕಂಬಕ್ಕೆ ಬಡಿಯುತ್ತದೆ. "ಅಯ್ಯೋ, ತಗುಲ್ತೇನ್ರೀ?" ಎಂದು ಅತ್ತೆ ಹೆದರುತ್ತಾರೆ. "ಎಲ್ಲಿ? ಏನೂ ಆಗಿಲ್ಲ, ನಿಧಾನ ಇಳಿ" ಎನ್ನುತ್ತಾರೆ ಮಾವ, ಬಾಗಿಲಿನ ಏಳೂ ನೆಗ್ಗುಗಳಿಗೆ ಬೆನ್ನು ಅಡ್ಡ ಕೊಟ್ಟು ನಿಂತು. ನಾಳೆ ನಾನು ಮೊದಲೇ ಇಳಿದು, ಅತ್ತೆಯ ಬಾಗಿಲು ಹಿಡಿದುಕೊಳ್ಳುತ್ತೇನೆ.