ವರ ತೋರಿಸಿದ ಚಿಂಕಾರಾ

ಗೆಳತಿಯರೇ, ಇವತ್ತು ನನ್ನನ್ನು ನೋಡಲು ಬಂದ ನಿಗಡಿಯ ಹುಡುಗ ತನ್ನ ತಾಯಿಯನ್ನೂ ನಮ್ಮವ್ವನನ್ನೂ ನನ್ನನ್ನೂ ಹೊಸ ಕಾರಿನಲ್ಲಿ ಕೂರಿಸಿಕೊಂಡು ಜೇಜುರಿಯಾಚೆಯ ಚಿಂಕಾರಾ ಜಿಂಕೆಗಳ ಅಭಯಾರಣ್ಯಕ್ಕೆ ಕರೆದೊಯ್ದ. ಅಲ್ಲಿ ಕಾರಿನಿಂದ ಇಳಿಯದೆಯೇ ಪ್ರಾಣಿ ನೋಡಬಹುದು.

ಒಂದು ತಾಸು ಬರೀ ಒಣಹುಲ್ಲು ಕಂಡಿತು. ಆಮೇಲೆ ಆತ ಗಕ್ಕನೆ ಬ್ರೇಕ್ ಹಾಕಿ, "ನೋಡ್ರಿ, ಚಿಂಕಾರಾ!" ಎಂದ. ಪೊದೆಯ ಹತ್ತಿರ ಕಂದು ಬಣ್ಣದ್ದೊಂದು ಎಲೆ ತಿನ್ನುತ್ತಿತ್ತು. ಅವ್ವ ಕೈಮುಗಿದಳು.

ಅಷ್ಟರಲ್ಲಿ ಕೋಲು ಹಿಡಿದ ಅಜ್ಜಿಯೊಬ್ಬಳು ಬಂದು, "ಅಹೋ, ಮಾಝೀ ಶೇಳೀ ಆಹೆ ತೀ!" ಎಂದಳು. ಅದು ಅವಳ ಆಡು ಅಂತೆ.

"ಆಕಿಗೇನ್ ಗೊತ್ತದರೀ? ನಾ ಪುಸ್ತಕದಾಗ ನೋಡೀನಿ," ಎಂದು ಆತ ಕಿಟಕಿ ಇಳಿಸಿ ಮರಾಠಿಯಲ್ಲಿ ವಾದಕ್ಕೇ ಇಳಿದ. ಆ ಹೊತ್ತಿಗೆ ಎರಡು ನಿಜವಾದ ಚಿಂಕಾರಾ ಕಾರಿನ ಹಿಂದೆ ರಸ್ತೆ ದಾಟಿದವು. ನೋಡಿದವರು ಅಜ್ಜಿ ಮತ್ತು ನಾನು ಮಾತ್ರ. ಬಾಯಿ ತೆರೆದರೆ ನಗು ಬರುತ್ತದೆಂದು ಮನೆ ಮುಟ್ಟುವವರೆಗೆ ನಾನು ಮಾತೇ ಆಡಲಿಲ್ಲ.

ಈಗಷ್ಟೇ ಅವನ ತಾಯಿ ಫೋನ್ ಮಾಡಿದ್ದರು. "ಹುಡುಗಿ ಭಾಳ ಶಾಂತ ಅದಾಳಂತ್ರೀ. ನಮ್ಮ ಹುಡುಗ ನೋಡಿದ ಕೂಡ್ಲೆ ಗುರ್ತ ಹಿಡದಾನ."

ಅವ್ವನ ಕೈಯಿಂದ ಫೋನ್ ನಾನೇ ಇಸಿದುಕೊಂಡೆ. ನನ್ನ ಶಾಂತ ಸ್ವಭಾವ ಅಲ್ಲಿಗೆ ಮುಗಿಯಿತು.